ಬೋರ್ಡಕ್ಕ
ಬೆಳಕು ಹರಿಯುವ ಮುನ್ನವೇ ಬೋರ್ಡಕ್ಕ ಹಾಲು ಕಾಯಿಸಿ, ಅತ್ತೆಯ ಮಾತ್ರೆ ಎತ್ತಿಟ್ಟು, ಮಗಳ ಒಂಟಿ ಕಾಲುಚೀಲಕ್ಕೆ ಜೋಡಿ ಹುಡುಕಿ, ಗಂಡನ ಕನ್ನಡಕವನ್ನು ದಿಂಬಿನಡಿಯಿಂದ ತೆಗೆದುಕೊಟ್ಟಿರುತ್ತಾಳೆ. ಔಷಧಿ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದ್ದಕ್ಕೆ ದಂಡ ಬಿದ್ದ ಮೇಲೆ ಬೀದಿಯವರು ಅವಳಿಗಿಟ್ಟ ಹೆಸರು ಈ ಬೋರ್ಡಕ್ಕ. ನೋ ಪಾರ್ಕಿಂಗ್ ಬೋರ್ಡು ಅಲ್ಲಿದ್ದದ್ದೇನೋ ನಿಜ, ಆದರೆ ಮರದ ಕೊಂಬೆಯ ಹಿಂದೆ. ಅಂದಿನಿಂದ ಅವಳು ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ತರಕಾರಿಯವನನ್ನೂ ಅಂಚೆಯವನನ್ನೂ ಆ ಮರದ ಕೆಳಗೆ ಎಳೆದೊಯ್ದು, "ಎಲ್ಲಿದೆ ತೋರ್ಸಿ ನೋಡೋಣ!" ಎನ್ನುತ್ತಾಳೆ. ಒಲೆಯ ಮುಂದೆ ಸೌಟು ಹಿಡಿದೇ ವಾದ ಮಂಡಿಸುತ್ತಾಳೆ. "ದಂಡ ಕಟ್ಟಿ ಬಿಸಾಕಬಾರ್ದಾ? ನೀನೇ ನೋಡ್ಬೇಕಿತ್ತು" ಎನ್ನುತ್ತಾನೆ ಗಂಡ. ಹಾಲು ಉಕ್ಕಿದರೂ, ಅತ್ತೆ ಜಾರಿಬಿದ್ದರೂ, ಮಗಳಿಗೆ ಅಂಕ ಕಡಿಮೆಯಾದರೂ ಆ ಮನೆಯಲ್ಲಿ ಅವಳಿಗೆ ಹೇಳುವುದು "ನೀನೇ ನೋಡ್ಬೇಕಿತ್ತು" ಅನ್ನುವ ಇದೊಂದೇ ಮಾತು. ಇವತ್ತು ದಂಡ ಕಟ್ಟಿಸಿಕೊಳ್ಳುವ ಕಚೇರಿಯ ಗುಮಾಸ್ತ ಕನಿಕರದಿಂದಲೇ ಒಂದು ಹಾಳೆ ಮುಂದೆ ತಳ್ಳಿದ. "ಗಮನ ಕೊಡ್ಲಿಲ್ಲ, ನನ್ನದೇ ತಪ್ಪು ಅಂತ ಬರೆದ್ಕೊಡಿ ಅಮ್ಮಾ, ಈಗ್ಲೇ ಮನ್ನಾ ಮಾಡ್ಸ್ತೀನಿ. ಬೋರ್ಡ್ ಕಾಣ್ತಿರ್ಲಿಲ್ಲ ಅಂತ ಹಟ ಹಿಡಿದ್ರೆ ಸಾಹೇಬ್ರು ಬರೋವರೆಗೂ ಕಾಯ್ಬೇಕು, ಸಂಜೆ ಆಗುತ್ತೆ." ಅಷ್ಟರಲ್ಲಿ ಅತ್ತೆಗೆ ಊಟ ಬಡಿಸಬೇಕು, ಮಗಳು ಶಾಲೆಯಿಂದ ಬಂದುಬಿಡುತ್ತಾಳೆ. ಅವಳು ಪೆನ್ನು ಎತ್ತಿಕೊಂಡಳು. ಮೂರು ಅಕ್ಷರ ಬರೆದು, ಹೊಡೆದುಹಾಕಿ, ಹಾಳೆಯನ್ನು ಹಿಂದಕ್ಕೆ ತಳ್ಳಿದಳು. ಗಂಡನಿಗೆ ಫೋನ್ ಮಾಡಿ, "ಮನೆಗೆ ಹೋಗಿ, ಇವತ್ತು ಎಲ್ಲಾ ನೀವೇ ನೋಡ್ಕೊಳ್ಳಿ" ಎಂದು ಹೇಳಿ, ಗೋಡೆ ಬದಿಯ ಬೆಂಚಿನ ಮೇಲೆ ಹೋಗಿ ಕೂತಳು.