ಸಂಪಾಜೆಯ ಊರುಗೌಡರ ಕೊಬ್ಬು

ಕೊಬ್ಬು ಎಂಬ ಮಾತೇ ಕುಶಾಲಪ್ಪ ಗೌಡರಿಗೆ ಸೇರುತ್ತಿರಲಿಲ್ಲ. ಸಂಪಾಜೆಯ ಊರುಗೌಡರು ಅವರು. ಊರಿನ ಮದುವೆಗಳನ್ನು ಮುಂದೆ ನಿಂತು ನಡೆಸಿಕೊಡುವ ಹಿರಿಯರು. ಕೊಬ್ಬಿದವನೆಂದು ಯಾರಿಂದಲೂ ಅನ್ನಿಸಿಕೊಂಡವರಲ್ಲ. ಕೊಡಗು ಮೈಸೂರಿಗೆ ಸೇರಿ ಕೆಲವು ವರ್ಷ ಕಳೆದ ಮೇಲೆ, ಮಂಗಳೂರಿನ ಡಾಕ್ಟರೊಬ್ಬರು ಮುಖಕ್ಕೇ ಹೇಳಿಬಿಟ್ಟರು: "ಗೌಡ್ರೇ, ನಿಮ್ಮ ರಕ್ತದಲ್ಲಿ ಕೊಬ್ಬು ಜಾಸ್ತಿ. ಹೃದಯದ ನಾಳದಲ್ಲಿ ಕಟ್ಟಿಕೊಂಡಿದೆ." ಮನೆಯ ಹಿಂದಿನ ಗುಡ್ಡ ಹತ್ತುವಾಗ ಎದೆ ಹಿಂಡಿ ಕೂರಿಸುತ್ತಿದ್ದುದು ಅದೇ ಅಂತೆ.

ಗುಡ್ಡದ ಮೇಲೆ ಅವರ ಕಾಫಿ ತೋಟ. ಕುರುಚಲು ಕಡಿದು, ಗಿಡ ಹೊತ್ತು ತಂದು ಕೈಯಾರೆ ಮಾಡಿದ್ದು. ಆಳುಗಳ ಲೆಕ್ಕ ಬರೆಯಲು ರೈಟರ್ ಕುಟ್ಟಪ್ಪನಿದ್ದರೂ ತೋಟ ನೋಡಿಕೊಳ್ಳುವುದು ಗೌಡರೇ. ಈ ಸಲ ಹಣ್ಣು ಕೊಯ್ಯುವ ಪಿಕ್ಕಿಂಗ್ ಹೊತ್ತಿಗೆ ತಮ್ಮ ಕಾಲಲ್ಲೇ ಅಲ್ಲಿಗೆ ಹತ್ತಬೇಕು, ಅವರಿಗೆ ಬೇಕಿದ್ದದ್ದು ಅಷ್ಟೇ. ಅದಕ್ಕಾಗಿ ಹಂದಿ ಮಾಂಸ ಬಿಟ್ಟರು. ಕೈಲ್ ಮುಹೂರ್ತದ ಹಬ್ಬದ ದಿನವೂ ಬರೀ ಕಡುಬು ತಿಂದರು. ಕೊಬ್ಬು ಇಳಿಯಲೆಂದು ಡಾಕ್ಟರು ಕೊಟ್ಟ ಗುಳಿಗೆಯನ್ನು ದಿನಾ ನುಂಗಿದರು.

ಆ ಗುಳಿಗೆಯೇ ಮಾನ ಕಳೆಯಿತು. ನುಂಗಿದ ಸ್ವಲ್ಪ ಹೊತ್ತಿಗೆ ಮುಖ, ಕಿವಿ, ಕತ್ತೆಲ್ಲ ಕೆಂಪೇರಿ, ಗಾಂಧಾರಿ ಮೆಣಸು ಅರೆದು ಹಚ್ಚಿದ ಹಾಗೆ ಉರಿ. ಆ ಮುಖ ಹೊತ್ತು ಮದುವೆ ಚಪ್ಪರದಲ್ಲಿ ನಿಂತರೆ ಜನ ಬಿಡುತ್ತಾರೆಯೇ? ಊರುಗೌಡರು ಬೆಳಿಗ್ಗೆಯೇ ಏರಿಸಿ ಬಂದಿದ್ದಾರೆಂದು ಗುಸುಗುಸು ಎದ್ದಿತು. ಮದುಮಗನ ಸೋದರಮಾವ ಸಾಂತಪ್ಪ ಹತ್ತಿರ ಬಂದು ಮೂಸಿಯೂ ನೋಡಿದ.

"ವಾಸನೆ ಇಲ್ಲೆ," ಎಂದ, ಮೋಸಹೋದವನ ಹಾಗೆ.

"ಕುಡ್ದದಲ್ಲ ಮಾರಾಯ. ಇದ್ ಮದ್ದ್‌ನ ಉರಿ," ಎಂದರು ಗೌಡರು.

"ಹಂಗಾರೆ ನಂಗೂ ಅದೇ ಮದ್ದ್ ಬೇಕಲ್ಲ."

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಕುಡಿದಿದ್ದರಾದರೂ ಅವರಿಗೆ ಅಷ್ಟು ಉರಿಯುತ್ತಿರಲಿಲ್ಲ.

ಪಿಕ್ಕಿಂಗ್ ಹತ್ತಿರ ಬಂದಾಗ ಮತ್ತೆ ಮಂಗಳೂರಿಗೆ ಹೋಗಿ ರಕ್ತ ಕೊಟ್ಟರು. ಡಾಕ್ಟರಿಗೆ ಖುಷಿಯೋ ಖುಷಿ.

"ಭೇಷ್, ಕೊಬ್ಬು ಚೆನ್ನಾಗಿ ಇಳಿದಿದೆ. ಕೊಬ್ಬಿನಲ್ಲೂ ಒಳ್ಳೇದು, ಕೆಟ್ಟದ್ದು ಅಂತ ಇರಬಹುದು ಎಂದು ಈಗ ಹೊರದೇಶದಲ್ಲಿ ಕೆಲವರು ಹೇಳ್ತಾರೆ. ಒಳ್ಳೇದು ನಾಳವನ್ನ ಕಾಯುತ್ತಂತೆ. ಈ ಗುಳಿಗೆ ಅದನ್ನ ಏರಿಸಲೂಬಹುದು."

"ನನ್ನದು ಏರಿದೆಯಾ?"

"ಅದನ್ನ ಅಳೆಯೋ ಅನುಕೂಲ ಇಲ್ಲಿಲ್ಲ."

"ನೋವು ಮಾತ್ರ ಹಾಗೇ ಉಂಟಲ್ಲ ಡಾಕ್ಟ್ರೇ. ಗುಡ್ಡಕ್ಕೆ ಕಾಲಿಟ್ಟರೆ ಸಾಕು, ಹಿಡಿದುಕೊಳ್ಳುತ್ತದೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ರಕ್ತದ್ದು ಇಳೀತು. ನಾಳದಲ್ಲಿ ಕಟ್ಟಿರೋದು ಕರಗುತ್ತಾ, ಇಲ್ವಾ, ನನಗೆ ಗೊತ್ತಿಲ್ಲ ಗೌಡ್ರೇ. ಗುಳಿಗೆ ಬಿಡಬೇಡಿ. ಗುಡ್ಡ ಹತ್ತಬೇಡಿ."

ಗೌಡರಿಗೆ ಮೈಯೆಲ್ಲ ಉರಿಯಿತು, ಈ ಸಲ ಗುಳಿಗೆಯಿಂದಲ್ಲ. ಬಾಯಿ ಕಟ್ಟಿದ್ದಾಯಿತು, ಮಾನ ಬಿಟ್ಟಿದ್ದಾಯಿತು. ಸಿಕ್ಕಿದ್ದು ಚೀಟಿಯ ಮೇಲಿನ ಒಂದು ಸಣ್ಣ ಅಂಕಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ರಕ್ತ ಒಪ್ಪಿದರೂ ನಾಳ ಒಪ್ಪಲಿಲ್ಲ. ಆ ಅಂಕಿಯನ್ನು ತೋರಿಸಿದರೆ ಗುಡ್ಡ ತಗ್ಗುತ್ತದೆಯೇ? ಚೀಟಿ ಮಡಚಿ ಜೇಬಿಗೆ ತುರುಕಿ ಊರಿನ ಬಸ್ಸು ಹತ್ತಿದರು.

ಹೆಂಡತಿ ಪ್ರೇಮಾವತಿ ಅಂಗಳದಲ್ಲೇ ಕಾಯುತ್ತಿದ್ದರು. "ಡಾಕ್ಟ್ರ್ ಎಂತ ಹೇಳ್ದೊ?"

"ಕೊಬ್ಬು ಇಳ್ದುಟ್ಟು ಗಡ."

ಆಕೆಯ ಮುಖ ಅರಳಿತು, ಜೊತೆಗೆ ಹತ್ತಲು ಆಗಲೇ ಹೊರಟು ನಿಂತ ಹಾಗೆ. "ಹಂಗಾರೆ ಪಿಕ್ಕಿಂಗ್‌ಗೆ ಮೇಲೆ ತೋಟಕ್ಕೆ ನಿಮ್ಮೊಟ್ಟಿಗೆ ನಾನೂ ಬನ್ನೆ."

ರೇಗಬೇಕೆಂದು ಬಾಯಿ ತೆರೆದ ಗೌಡರಿಗೆ ಆ ಮುಖ ನೋಡಿ ರೇಗಲಾಗಲಿಲ್ಲ.

"ರೈಟರ್ ಕುಟ್ಟಪ್ಪಂಗೆ ಹೇಳ್," ಎಂದರು. "ಮೇಲೆ ತೋಟನ ಇನ್ನ್ ಅಂವನೇ ನೋಡ್ಲಿ."