ತಾಂಬೋಶಿಗಾಗಿ ಕೊಟ್ಟ ಮದ್ದು

ಗಣಪತಿ ಆ ಮದ್ದನ್ನು ಕದ್ದಿರಲಿಲ್ಲ. ನಾನೇ ಅವನ ಕೈಗೆ ಕೊಟ್ಟೆ — ಇಷ್ಟು ಹೇಳಲು ನನಗೆ ಅರ್ಧ ಆಯುಷ್ಯ ಬೇಕಾಯಿತು.

ಆಗ ನಾನು ಕಲಘಟಗಿ ಹತ್ತಿರದ ಒಂದು ಕಲ್ಲಿನ ಕ್ವಾರಿಯಲ್ಲಿದ್ದೆ. ಬಂಡೆ ಸಿಡಿಸುವ ಮದ್ದಿನ ಕೋಣೆಯ ಕೀಲಿ ನನ್ನ ಹತ್ತಿರವೇ ಇರುತ್ತಿತ್ತು. ಗಣಪತಿ ಕಾರವಾರದ ಕಡೆಯ ಮೀನುಗಾರ. ಕಡಲಲ್ಲಿ ಮೀನು ಕಡಿಮೆಯಾದಾಗ ಹೆಂಡತಿ ದೇವಕಿಯನ್ನೂ ಕೂಸನ್ನೂ ಕರೆದುಕೊಂಡು ನಮ್ಮಲ್ಲಿಗೆ ಕೂಲಿಗೆ ಬಂದಿದ್ದ. ರಜೆಗೆ ಊರಿಗೆ ಹೋದರೆ ಅಣ್ಣನ ದೋಣಿ ಹತ್ತುತ್ತಿದ್ದ.

ಊಟಕ್ಕೆ ಕುಳಿತಾಗಲೆಲ್ಲ ಅವನಿಗೆ ತಾಂಬೋಶಿಯದೇ ಮಾತು. ಕೆಂಪನೆಯ, ಗಟ್ಟಿ ಮೈಯ ಮೀನು. ಮರಿಯಿದ್ದಾಗ ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನಲ್ಲಿ ಬೆಳೆದು, ದೊಡ್ಡದಾದ ಮೇಲೆ ಕಡಲೊಳಗಿನ ಬಂಡೆಗಳ ಸಂದಿ ಸೇರುತ್ತದಂತೆ. ಅಲ್ಲಿ ಬಲೆ ಬಿಟ್ಟರೆ ಹರಿಯುತ್ತದೆ. ಗಾಳ ಹಾಕಿ ಕಾಯಬೇಕು. ಬರಿಗೈಯಲ್ಲಿ ಮರಳಿದ್ದನ್ನು ಹೇಳುವಾಗಲೂ ಅವನ ಮುಖ ಅರಳುತ್ತಿತ್ತು. ನನಗದನ್ನು ಸಹಿಸಲಾಗಲಿಲ್ಲವೋ ಏನೋ — ಕಡಲನ್ನೇ ಸರಿಯಾಗಿ ಕಾಣದವನು ಅವನಿಗೆ ಬುದ್ಧಿ ಹೇಳಹೋದೆ.

"ಗಾಳ ಹಿಡಕೊಂಡು ಯಾಕ ಕುಂದರತೀಲೇ? ಒಂದ ಸಲ ಮದ್ದ ಹಾಕು, ಮೀನ ತಾವ ಮ್ಯಾಲ ಬರ್ತಾವ."

"ಬ್ಯಾಡ್ರಿ ಅಣ್ಣಾ. ಮರಿ-ಗಿರಿ ಎಲ್ಲಾ ಸಾಯ್ತಾವ. ಕಲ್ಲ ಒಡದ್ರ ಮತ್ತ ಅಲ್ಲಿ ಮೀನ ನಿಲ್ಲಂಗಿಲ್ಲ."

"ಅಂಜಬುರಕ" ಎಂದೆ. ಕ್ವಾರಿಯವರೆಲ್ಲ ನಕ್ಕರು. ಆಮೇಲೆ ದಿನವೂ ಅದೇ ಹೆಸರಿನಿಂದ ಕರೆದೆ.

ಊರಿಗೆ ಹೊರಟ ದಿನ ಅವನೇ ಬಂದು ಮದ್ದು ಕೇಳಿದ. ಕೊಟ್ಟೆ. ಮದ್ದಿಗೆ ಕಿಡಿ ಮುಟ್ಟಿಸುವ ಹೊಸ ಬತ್ತಿ ಕೊಟ್ಟರೆ ಮಾಲೀಕನಿಗೆ ಗೊತ್ತಾಗುತ್ತದೆಂದು ಮೂಲೆಯಲ್ಲಿ ಬಿದ್ದಿದ್ದ ತುಂಡು ಬತ್ತಿ ಕೊಟ್ಟೆ. ಅದು ಬೇಗ ಉರಿದುಹೋಗುತ್ತದೆಂದು ನನಗೆ ಗೊತ್ತಿತ್ತು. ಅವನಿಗೆ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಬಸ್ಸು — ಇಲ್ಲ, ಬಸ್ಸಿನ ಮೇಲೆ ಹಾಕಬಾರದು. ಹೇಳಲಿಲ್ಲ.

ಅದು ದೋಣಿಯಲ್ಲಿ, ಅವನ ಕೈಯಲ್ಲೇ ಸಿಡಿಯಿತು.

ಪೊಲೀಸರು ಕ್ವಾರಿಗೆ ಬಂದರು. "ನಾ ಉಣ್ಣಾಕ ಹೋದಾಗ ಕದ್ದಿರಬೇಕ್ರೀ ಸಾಹೇಬ್ರ" ಎಂದೆ. ನಾಲಿಗೆ ತೊದಲಲೂ ಇಲ್ಲ.

ಸತ್ತವನು ಕಳ್ಳನಾದ. ಮನೆತನದ ಮರ್ಯಾದೆ ಕಳೆದನೆಂದು ಅವನ ಅಣ್ಣ ದೇವಕಿಯನ್ನು ಹೊಸ್ತಿಲು ತುಳಿಯಗೊಡಲಿಲ್ಲ. ಅವಳು ಕಲಘಟಗಿಯಲ್ಲೇ ಉಳಿದು, ಸಂತೆಯಲ್ಲಿ ಮೀನು ಮಾರಿ ಮಗಳನ್ನು ಬೆಳೆಸಿದಳು. ನಾನು ಮೀನಿನವರ ಆ ಸಾಲನ್ನು ತಪ್ಪಿಸಿ ಓಡಾಡಿದೆ. ಈಚೆಗೆ ಮಗಳನ್ನು ನೋಡಲು ಬಂದ ಗಂಡಿನವರು, ಅಪ್ಪನ ವಿಷಯ ಕಿವಿಗೆ ಬಿದ್ದು, ಮಾತು ಮುರಿದು ಎದ್ದುಹೋದರಂತೆ.

ಅದನ್ನು ಕೇಳಿದ ಮೇಲೆ ಸಂತೆಗೆ ಹೋದೆ. ದೇವಕಿ ಮೀನು ಕೊಯ್ಯುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ — ಬತ್ತಿಯ ಮಾತನ್ನೂ. ಅವಳ ಕೈ ನಿಂತಿತು.

"ನಾನೂ ಅವರ್ನ ಕಳ್ಳ ಅಂತನ ತಿಳಕೊಂಡಿದ್ನಿ" ಎಂದಳು. "ಸತ್ತಾವರ್ನ ದಿನಾ ಬೈದೀನ್ರಿ."

ಕತ್ತಿ ಕೆಳಗಿಟ್ಟು ಕೇಳಿದಳು: "ಇದನ್ನ ಎಲ್ಲಾರ ಮುಂದ ಹೇಳ್ತೀರೇನು?"

"ಹೇಳ್ತೀನಿ."

ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಗಿರಾಕಿಯ ಕಡೆ ತಿರುಗಿದಳು.

ನಾಳೆ ಠಾಣೆಗೆ ಹೋಗುತ್ತೇನೆ. ಅಲ್ಲಿಂದ ಬಿಟ್ಟರೆ ಗಣಪತಿಯ ಅಣ್ಣನ ಮನೆಗೆ, ಆಮೇಲೆ ಆ ಗಂಡಿನ ಮನೆಗೂ. ಅವನು ಕಳ್ಳನಲ್ಲವೆಂದು ಅವರೆಲ್ಲ ನಂಬಬಹುದು. ಆದರೆ ದೇವಕಿ ಇಷ್ಟು ವರ್ಷ ಬೈದದ್ದು — ಅದನ್ನು ಹಿಂದಕ್ಕೆ ತರಲು ನನ್ನಿಂದ ಆಗುವುದಿಲ್ಲ.