ಲೋಳೆ ಆರುವ ಮೊದಲು

ಹೊಟ್ಟೆ ಮೊದಲು ಹಿಡಿದದ್ದು ಮೂರನೇ ಕ್ಲಾಸಿನ ಮಕ್ಕಳಿಗೆ ಮಗ್ಗಿ ಹೇಳಿಸುವಾಗ. ಹೊರಗೆ ಓಡಿದೆ. ಬಂದೆ. ಮತ್ತೆ ಓಡಿದೆ. ಮೇಷ್ಟ್ರು ಬೇಲಿ ಹಾರಿದ್ದು ಸಂಜೆಯೊಳಗೆ ಪೂರಿಗಾಲಿ ಊರಿಗೆಲ್ಲ ಗೊತ್ತಾಯಿತು.

ತಿಂಗಳಾದರೂ ಓಡಾಟ ನಿಲ್ಲಲಿಲ್ಲ. ಕೂತರೆ ಏಳಬೇಕು ಅನ್ನಿಸುತ್ತಿತ್ತು, ಎದ್ದು ಹೋದರೆ ಬರಿಯ ಲೋಳೆ ಬೀಳುತ್ತಿತ್ತು. ಉಣ್ಣುವಾಗಲೂ ಬಾಗಿಲ ಕಡೆಗೇ ಕಣ್ಣು. ಅವ್ವನ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ.

ಒಂದು ದಿನ ಲೋಳೆಯಲ್ಲಿ ರಕ್ತ ಕಂಡಿತು.

ಅವ್ವನ ಜೊತೆ ಮಂಡ್ಯದ ಆಸ್ಪತ್ರೆಗೆ ಹೊರಟೆ. ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲ. ಇದ್ದಿಲ ಗ್ಯಾಸಿನ ಬಸ್ಸು ಮಳವಳ್ಳಿ ದಾಟುವುದರೊಳಗೇ ಏದುಸಿರು ಬಿಡುತ್ತಿತ್ತು. ಅದು ನಿಂತಲ್ಲೆಲ್ಲ ನಾನು ಇಳಿದೆ, ನಾನು ಕೇಳಿದಲ್ಲೆಲ್ಲ ಅದು ನಿಂತಿತು. ಇಬ್ಬರದೂ ಸರಿಯಾದ ಜೋಡಿ.

ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. “ಅಮೀಬಾ ಇದ್ದರೆ ಎಮೆಟಿನ್ ಇಂಜೆಕ್ಷನ್ ಕೊಡಬೇಕು. ನಿಮ್ಮ ಹಾರ್ಟು ವೀಕು, ಆ ಔಷಧಿ ಹಾರ್ಟಿಗೇ ಏಟು ಹಾಕುತ್ತೆ. ಕಣ್ಣಾರೆ ನೋಡದೆ ನಾನು ಚುಚ್ಚೋದಿಲ್ಲ.” ಲೋಳೆಯನ್ನು ಸ್ಲೈಡಿಗೆ ಸವರಿ ಮೈಕ್ರೋಸ್ಕೋಪಿನ ಮೇಲೆ ಬಗ್ಗಿದರು. ತಲೆಯೆತ್ತಿದಾಗ ಮುಖ ಸಿಂಡರಿಸಿತ್ತು.

“ಬರೀ ಎಣ್ಣೆ ಗುಳ್ಳೆ. ಏನು ಕುಡಿದು ಬಂದಿರಿ?”

ಅವ್ವ ಮುಂದೆ ಬಂದಳು. “ಅಳ್ಳೆಣ್ಣೆ ಕುಡ್ಸಿವ್ನಿ ಬುದ್ಧಿ. ದೊಡ್ಡೋರ ತಾವ್ಕೆ ಒಲಸು ಒಟ್ಟೆ ತಕ್ಕಂಡು ಬರಾದಾ ಅಂತ ತೊಳ್ಸಿದೆ.”

ನಮ್ಮಲ್ಲಿ ಅದು ಮರ್ಯಾದೆ, ನೆಂಟರ ಮನೆಯೊಳಗೆ ಕಾಲು ತೊಳೆದು ಹೋದ ಹಾಗೆ. ನಾನೂ ಮೂಗು ಹಿಡಿದು ಹರಳೆಣ್ಣೆ ಕುಡಿದಿದ್ದೆ.

ಎಣ್ಣೆ ಪೂರ್ತಿ ಇಳಿಯುವವರೆಗೆ ವಾರ್ಡಿನಲ್ಲಿ ಕಾಯಬೇಕಾಯಿತು. ರಕ್ತ ಹೆಚ್ಚಿತು. ಸಾಯುತ್ತೇನೆಂಬ ಭಯ ಇತ್ತು. ಒಂದು ಸ್ಲೈಡಿಗೆ ಕಾದು ಸಾಯಬೇಕಲ್ಲ ಎಂಬ ಸಿಟ್ಟು ಅದಕ್ಕಿಂತ ಹೆಚ್ಚಾಗಿತ್ತು. ಡಾಕ್ಟರು ಅವ್ವನಿಗೆ ಹೇಳಿದ್ದರು: “ಆಗತಾನೇ ಬಿದ್ದ ಲೋಳೆ ಬೇಕು, ಬಿಸಿ ಆರೋದರೊಳಗೆ ತನ್ನಿ. ಆರಿದರೆ ಅಮೀಬಾ ಅಲ್ಲಾಡೋದಿಲ್ಲ, ಗುರುತು ಸಿಗೋದಿಲ್ಲ.”

ಎಣ್ಣೆ ಇಳಿದ ಬೆಳಿಗ್ಗೆ, ಬೆಡ್‌ಪ್ಯಾನಿನ ಲೋಳೆಯನ್ನು ಗಾಜಿನ ಬಟ್ಟಲಿಗೆ ತೆಗೆದು, ಅದನ್ನು ಸೆರಗಿನೊಳಗೆ ತನ್ನ ಹೊಟ್ಟೆಗೆ ಒತ್ತಿಕೊಂಡು ಅವ್ವ ಓಡಿದಳು. ಎಂಜಲು ಲೋಟ ಮುಟ್ಟಿದರೂ ಕೈ ತೊಳೆಯುವ ಹೆಂಗಸು.

ಡಾಕ್ಟರು ನನ್ನ ಮಂಚದವರೆಗೆ ನಡೆದು ಬಂದರು. “ಇದೆ. ಹರಿದಾಡ್ತಾ ಇದೆ.”

ರೋಗ ಇದೆಯೆಂದು ಕೇಳಿ ಅಷ್ಟು ಹಿಗ್ಗಿದವನು ಆ ವಾರ್ಡಿನಲ್ಲಿ ನಾನೊಬ್ಬನೇ ಇರಬೇಕು.

ಇಂಜೆಕ್ಷನ್ ಶುರುವಾಯಿತು. ಮಂಚ ಬಿಟ್ಟು ಏಳುವಂತಿಲ್ಲ. ಪ್ರತಿ ಸೂಜಿಗೂ ಎದೆ ಡವಗುಟ್ಟುತ್ತಿತ್ತು, ಇವತ್ತಿಗೆ ಮುಗಿಯಿತು ಅಂದುಕೊಳ್ಳುತ್ತಿದ್ದೆ. ಡಾಕ್ಟರು ಮಾತ್ರ ದಿನವೂ ಸ್ಲೈಡು ನೋಡಿ, ಲೋಳೆ ಕಡಿಮೆಯಾಗುತ್ತಿದೆ ಎನ್ನುತ್ತಿದ್ದರು. ಈಗ ಮಜ್ಜಿಗೆ ಅನ್ನ ಹಿಡಿಸುತ್ತಿದೆ. ಪೂರ್ತಿ ವಾಸಿ ಅನ್ನಲು ಅವರಿಗೂ ಧೈರ್ಯವಿಲ್ಲ, ನನಗೂ ಇಲ್ಲ.

ಆದರೆ ಇಂಜೆಕ್ಷನ್ ನಡೆಯುತ್ತಿದ್ದಾಗಿನ ಒಂದು ಮಧ್ಯಾಹ್ನ ಮರೆಯಲಾರೆ. ಯಾರೋ ಭುಜ ಹಿಡಿದು ಅಲ್ಲಾಡಿಸಿದಂತಾಯಿತು. ಕಣ್ಣು ಬಿಟ್ಟರೆ ಅವ್ವನ ಬೆರಳು ನನ್ನ ಮೂಗಿನ ಹತ್ತಿರ ಇತ್ತು, ಉಸಿರು ನೋಡುತ್ತಿದ್ದಳು.

“ಒತ್ತಾರೆಯಿಂದ ಒಂದ್ಸಲಾನೂ ಪ್ಯಾನು ಕೇಳ್ನಿಲ್ವಲ್ಲಾ ಮಗಾ, ಯಾಕ್ಲಾ?”

“ನಿದ್ದೆ ಬಂದಿತ್ತು ಕಣವ್ವ.”

ಇಷ್ಟು ದಿನ ನಾನು ಓಡಿದಾಗೆಲ್ಲ ಒಂದು ಹನಿ ಕಣ್ಣೀರು ಹಾಕದವಳು ಮಂಚದ ಪಕ್ಕ ಕುಸಿದು ಕೂತು ಅತ್ತಳು.

“ಮಲಿಕ್ಕಳಾನು ಯೋಳ್ಬುಟ್ಟು ಮಲಿಕ್ಕಳ್ಬಾರ್ದೇನ್ಲಾ” ಅಂದಳು.